ನೀರಲ್ಲವೆಂದು ತಿಳಿದ ಮೇಲೂ

ಬಿಸಿಲ್ಗುದುರೆ ಎಂಬ ಮಾತನ್ನು ನಾನು ಮೊದಲು ಓದಿದ್ದು ಕೊಪ್ಪದ ಶಾಲೆಯಲ್ಲಿ, ಐದನೆಯ ತರಗತಿಯಲ್ಲಿ. ಅದನ್ನು ಕಣ್ಣಾರೆ ಕಂಡದ್ದು ಮದುವೆಯಾಗಿ ಶಾರ್ಜಾಕ್ಕೆ ಬಂದ ಮೇಲೆ. ಮಲೆನಾಡಿನ ನಮ್ಮ ಅಂಗಳದಲ್ಲಿ ವರ್ಷದ ಐದು ತಿಂಗಳು ನಿಜವಾದ ನೀರೇ ಹರಿಯುತ್ತಿತ್ತು. ಇಲ್ಲದ ನೀರು ಕಾಣುವುದು ಹೇಗಿರುತ್ತದೆಂದು ಊಹಿಸುವುದಕ್ಕೂ ಅಲ್ಲಿ ಆಗುತ್ತಿರಲಿಲ್ಲ. ಆದರೆ ಅದರ ಮಾತು ಮಾತ್ರ ಮನೆಯಲ್ಲಿ ದಿನವೂ ಇತ್ತು. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಸಂಜೆ ಜಗುಲಿಯಲ್ಲಿ ಊರಿನ ನಾಲ್ಕಾರು ಮಂದಿಗೆ ಶಂಕರರ ಭಾಷ್ಯದ ಪಾಠ ಹೇಳುತ್ತಿದ್ದರು. ಹಗ್ಗದಲ್ಲಿ ಹಾವು, ಚಿಪ್ಪಿನಲ್ಲಿ ಬೆಳ್ಳಿ, ಮರುಭೂಮಿಯಲ್ಲಿ ನೀರು: ಅಡುಗೆಮನೆಯ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತ ಈ ಮೂರು ದೃಷ್ಟಾಂತಗಳನ್ನು ಕೇಳಿಕೊಂಡೇ ಬೆಳೆದವಳು ನಾನು. ಹಗ್ಗದ ಹಾವನ್ನು ಕೊಟ್ಟಿಗೆಯ ಕತ್ತಲೆಯಲ್ಲಿ ನಾವೆಲ್ಲ ಒಮ್ಮೆಯಾದರೂ ಕಂಡಿದ್ದೆವು. ಮರಳಿನ ನೀರನ್ನು ಮಾತ್ರ ಪಾಠ ಹೇಳುತ್ತಿದ್ದ ಅಪ್ಪನೂ ನೋಡಿರಲಿಲ್ಲ.

2024ರ ದಸರೆಗೆ ಅಪ್ಪ ನಮ್ಮಲ್ಲಿಗೆ ಬಂದರು. ಅವರಿಗಾಗ ಎಪ್ಪತ್ನಾಲ್ಕು. ಅಕ್ಟೋಬರ್ 11, ಶುಕ್ರವಾರ, ಆಯುಧಪೂಜೆ. ನಮ್ಮ ಕಟ್ಟಡದ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ನಮ್ಮ ಹಳೆಯ ಪಜೆರೋ ಗಾಡಿಯನ್ನು ತೊಳೆದು, ಕುಂಕುಮವಿಟ್ಟು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು ಮುಂದಕ್ಕೆ ಸರಿಸಿದೆವು. ಮಾರನೆಯ ದಿನ ವಿಜಯದಶಮಿ. ಶನಿವಾರವಾದ್ದರಿಂದ ರಜೆ. ನಾಲ್ಕು ಮನೆಯವರು ನಾಲ್ಕು ಗಾಡಿಯಲ್ಲಿ ಮರಳಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಅಪ್ಪ ಬರುವುದಿಲ್ಲ ಎನ್ನುತ್ತಾರೇನೋ ಎಂದುಕೊಂಡಿದ್ದೆ. ಅವರು ಬೆಳಗ್ಗೆ ನಾಲ್ಕಕ್ಕೇ ಎದ್ದು, ಸ್ನಾನ ಮಾಡಿ, ಸಂಧ್ಯಾವಂದನೆ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದರು.

ಅಪ್ಪನನ್ನು ಕೇಳಬೇಕೆಂದು ನಾಲ್ಕು ವರ್ಷದಿಂದ ನಾನೊಂದು ಪ್ರಶ್ನೆ ಇಟ್ಟುಕೊಂಡಿದ್ದೆ. 2020ರಲ್ಲಿ, ಕೊರೋನಾ ಕಾಲದಲ್ಲಿ, ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಸಂಸ್ಥೆ ಮೂರು ತಿಂಗಳು ಸಂಬಳ ನಿಲ್ಲಿಸಿ ಆಮೇಲೆ ಕೆಲಸದಿಂದಲೂ ತೆಗೆಯಿತು. ಆ ಮೂರು ತಿಂಗಳೂ ಇಪ್ಪತ್ತೈದನೆಯ ತಾರೀಖಿನಿಂದ ಶುರುವಾಗಿ ಮೊಬೈಲಿನಲ್ಲಿ ಬ್ಯಾಂಕಿನ ಸಂದೇಶ ಬಂತೇ ಎಂದು ಗಂಟೆಗೆ ಹತ್ತು ಸಲ ನೋಡುತ್ತಿದ್ದೆ. ಮುಂದೆ ಬೇರೆ ಕೆಲಸ ಸಿಕ್ಕಿತು, ಒಂದು ತಿಂಗಳೂ ಸಂಬಳ ತಪ್ಪಿಲ್ಲ. ಆದರೂ ಇಪ್ಪತ್ತೈದು ಬಂತೆಂದರೆ ಹೊಟ್ಟೆಯಲ್ಲಿ ಅದೇ ಸಂಕಟ, ಕೈಯಲ್ಲಿ ಅದೇ ಮೊಬೈಲು. ಹೆದರುವುದಕ್ಕೆ ಏನೂ ಇಲ್ಲವೆಂದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೆದರಿಕೆ ಹೋಗದಿದ್ದರೆ ಆ ತಿಳಿವಳಿಕೆಗೆ ಏನು ಬೆಲೆ? ದಿನಾ ದೇವರ ಮುಂದೆ ದೀಪ ಹಚ್ಚಿ ‘ನೀನಿದ್ದೀ’ ಎನ್ನುವ ನನ್ನ ನಂಬಿಕೆಯೇ ಪೊಳ್ಳೇ? ಫೋನಿನಲ್ಲಿ ಕೇಳುವ ಮಾತಾಗಿರಲಿಲ್ಲ ಇದು.

ಶಾರ್ಜಾದಿಂದ ಸುಮಾರು ಐವತ್ತು ಕಿಲೋಮೀಟರ್ ಒಳನಾಡಿಗೆ ಹೋದರೆ ಮ್ಲೈಹಾ. ಅಲ್ಲಿ ಫಾಯಾ ಬೆಟ್ಟದ ಸಾಲು ಬೋಳು ಬೆನ್ನು ತೋರಿಸಿಕೊಂಡು ಮಲಗಿದೆ. ಆ ಬೆಟ್ಟದ ಮಗ್ಗುಲಲ್ಲಿ ಅಗೆದಾಗ ಸುಮಾರು 1,25,000 ವರ್ಷ ಹಿಂದಿನ ಮನುಷ್ಯರ ಕಲ್ಲಿನ ಉಪಕರಣಗಳು ಸಿಕ್ಕವು. 2025ರಲ್ಲಿ ಯುನೆಸ್ಕೋ ಆ ನೆಲವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪಕ್ಕದಲ್ಲೇ ಎದ್ದು ನಿಂತ ಇನ್ನೊಂದು ಬಂಡೆಯನ್ನು ಎಲ್ಲರೂ ಫಾಸಿಲ್ ರಾಕ್ ಎಂದೇ ಕರೆಯುತ್ತಾರೆ. ಕೋಟ್ಯಂತರ ವರ್ಷ ಹಿಂದೆ ಅಲ್ಲಿದ್ದ ಸಮುದ್ರದ ಚಿಪ್ಪುಗಳು ಅದರ ಕಲ್ಲಿನಲ್ಲಿ ಅಚ್ಚಾಗಿ ಉಳಿದಿವೆ. “ಹಾಗಾದ್ರೆ ಇಲ್ಲಿ ನಿಜವಾಗಿಯೂ ನೀರಿತ್ತು” ಎಂದರು ಅಪ್ಪ, ಕಾರಿನ ಗಾಜಿಗೆ ಹಣೆ ತಾಗಿಸಿ.

ಡಾಂಬರು ಮುಗಿಯುವಲ್ಲಿ ಗಾಡಿ ನಿಲ್ಲಿಸಿ ಟೈರಿನ ಗಾಳಿ ಇಳಿಸಿದೆವು. ರಸ್ತೆಗೆ 35 ಪಿಎಸ್‌ಐ ಇರುತ್ತದೆ, ಮರಳಿಗೆ ಅದನ್ನು 14ಕ್ಕೆ ತರಬೇಕು. ನಾಲ್ಕು ಗಾಡಿಯ ಹದಿನಾರು ಚಕ್ರ ಒಟ್ಟಿಗೆ ಬುಸುಗುಡುವ ಸದ್ದಿನಲ್ಲಿ ಬೆಳಗಾಯಿತು. ಗಾಳಿ ಇಳಿದ ಟೈರು ನೆಲದ ಮೇಲೆ ಉದ್ದಕ್ಕೆ ಚಪ್ಪಟೆಯಾಗಿ ಕೂರುತ್ತದೆ, ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ಗಾಡಿ ಮರಳಿನೊಳಕ್ಕೆ ಇಳಿಯದೆ ಮೇಲೆ ತೇಲಿದಂತೆ ಹೋಗುತ್ತದೆ. ಒಂಟೆಯ ಪಾದದ ಹಾಗೆ ಎಂದು ನನ್ನ ಮಗಳು ಅಜ್ಜನಿಗೆ ವಿವರಿಸಿದಳು. ಅವಳಿಗೆ ಹನ್ನೊಂದು, ವಾಕಿಟಾಕಿ ಅವಳ ಸುಪರ್ದಿ. ನಮ್ಮ ಮುಂದಿನ ಗಾಡಿಯಲ್ಲಿದ್ದವರು ಕುಂದಾಪುರದ ಕಡೆಯವರು. ಇಪ್ಪತ್ತು ವರ್ಷದಿಂದ ಈ ಮರಳಿನ ಬೆನ್ನು ಬಲ್ಲವರು. ಅವರು ಹೋದ ಜಾಡಿನಲ್ಲೇ ಉಳಿದವರು ಹೋಗಬೇಕು. ನಮ್ಮ ಗಾಡಿ ಎರಡನೆಯದು. ಗಂಡ, ಮಗಳು ಹಿಂದೆ. ಅಪ್ಪ ನನ್ನ ಬಲಕ್ಕೆ. ಸ್ಟಿಯರಿಂಗ್ ನನ್ನ ಕೈಯಲ್ಲಿ. ಮರಳಿನಲ್ಲಿ ಆರು ವರ್ಷದಿಂದ ನಾನೇ ಓಡಿಸುವುದು.

ಕಬ್ಬಿಣದ ತುಕ್ಕು ಕಣಕಣಕ್ಕೂ ಲೇಪವಾಗಿ ಅಲ್ಲಿನ ಮರಳು ಕೆಂಪು. ಹೊತ್ತು ಮೂಡಿದ ಹೊಸದರಲ್ಲಿ ಅದು ನಮ್ಮ ಊರಿನ ಮುರಕಲ್ಲಿನ ಬಣ್ಣವೇ ಆಗುತ್ತದೆ. ದಿಬ್ಬದ ಗಾಳಿ ಬೀಸುವ ಮಗ್ಗುಲು ಇಳಿಜಾರಾಗಿ, ಗಟ್ಟಿಯಾಗಿರುತ್ತದೆ. ಮರೆಯ ಮಗ್ಗುಲು ಮೆತ್ತಗೆ, ಕಡಿದು. ಮರಳು ಜಾರದೆ ನಿಲ್ಲಬಲ್ಲ ಕೊನೆಯ ಕೋನ ಸುಮಾರು 33 ಡಿಗ್ರಿ. ಮರೆಯ ಮಗ್ಗುಲು ಯಾವಾಗಲೂ ಆ ಕೊನೆಯಲ್ಲೇ ನಿಂತಿರುತ್ತದೆ. ಅದನ್ನು ಇಳಿಯುವಾಗ ಮೂತಿ ನೇರ ಕೆಳಕ್ಕಿರಬೇಕು. ದಿಬ್ಬದ ಪಕ್ಕೆಯ ಮೇಲೆ ಅಡ್ಡಕ್ಕೆ ಹೋಗುವಾಗ ಗಾಡಿ ಜಾರತೊಡಗಿದರೆ ಸ್ಟಿಯರಿಂಗನ್ನು ಕೆಳಕ್ಕೇ ತಿರುಗಿಸಬೇಕು, ಕಾಲು ಬ್ರೇಕಿಗೆ ಹೋಗಬಾರದು. ಮರಳಿಗೆ ಇಳಿಯುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳಿಕೊಡುವ ಮಾತು ಇದು. ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ.

ಮುಕ್ಕಾಲು ಗಂಟೆ ಸಲೀಸಾಗಿ ಹೋಯಿತು. ಅಪ್ಪ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದು ದಿಬ್ಬ ಏರಿದಾಗಲೂ ‘ಓ’ ಎನ್ನುತ್ತಿದ್ದರು. ಆಮೇಲೆ ಒಂದು ದೊಡ್ಡ ಪಕ್ಕೆ ಬಂತು. ಗಾಡಿ ಎಡಕ್ಕೆ ವಾಲಿತು. ಇಲ್ಲಿ ಚಾಲಕರ ಆಸನ ಎಡಕ್ಕೇ ಇರುವುದರಿಂದ ನನ್ನ ಕಿಟಕಿಯಾಚೆ ಇದ್ದದ್ದು ಬರೀ ಕೆಳಗೆ ಜಾರುವ ಕೆಂಪು. ಹಿಂದಿನ ಚಕ್ರ ಸರ್ರನೆ ಸರಿಯಿತು. ವಾಕಿಟಾಕಿಯಲ್ಲಿ “ಕೆಳಗ್ ತಿರ್ಗ್ಸಿ! ಕೆಳಗ್ ತಿರ್ಗ್ಸಿ!” ಎಂದು ಕೂಗು ಕೇಳಿತು. ಕೇಳಿತು, ಅರ್ಥವೂ ಆಯಿತು. ಆದರೆ ದೇಹವೆಲ್ಲ ‘ಬೀಳುತ್ತೀ, ಬೀಳುತ್ತೀ’ ಎನ್ನುತ್ತಿತ್ತು. ನನ್ನ ಕೈ ದೇಹದ ಮಾತು ಕೇಳಿ ಸ್ಟಿಯರಿಂಗನ್ನು ಮೇಲಕ್ಕೆ ತಿರುಗಿಸಿತು. ಇಡೀ ಗಾಡಿಯ ಭಾರ ಎಡ ಮುಂಚಕ್ರದ ಮೇಲೆ ಬಂತು. ಗಾಳಿ ಕಡಿಮೆಯಿದ್ದ ಟೈರು ಠಪ್ಪೆಂದು ರಿಮ್ಮಿನಿಂದ ಕಳಚಿಕೊಂಡಿತು. ಗಾಡಿ ಇನ್ನೊಂದಿಷ್ಟು ವಾಲಿ, ನಿಂತಿತು.

ಎಲ್ಲರನ್ನೂ ಮೇಲಿನ ಬದಿಯ ಬಾಗಿಲಿಂದ ಒಬ್ಬೊಬ್ಬರಾಗಿ ಇಳಿಸಿದೆವು. ಕುಂದಾಪುರದವರು ತಮ್ಮ ಗಾಡಿಯನ್ನು ದಿಬ್ಬದ ತಲೆಯ ಮೇಲೆ ನಿಲ್ಲಿಸಿ ನಮ್ಮದಕ್ಕೆ ಹಗ್ಗ ಬಿಗಿದು ಹಿಡಿದುಕೊಂಡರು. ಜಾಕಿನಡಿ ಹಲಗೆ ಕೊಟ್ಟು, ಚಕ್ರ ಎತ್ತಿ, ರಿಮ್ಮಿನ ಅಂಚಿನ ಮರಳನ್ನೆಲ್ಲ ಬ್ರಷ್ಷಿನಿಂದ ಉಜ್ಜಿ, ಬಾಟಲಿ ನೀರಿನಿಂದ ತೊಳೆದು, ಟೈರನ್ನು ಕೂರಿಸಿ ಕಂಪ್ರೆಸರ್ ಹಚ್ಚುವ ಕೆಲಸ ಶುರುವಾಯಿತು. ನನ್ನ ಕೈ ನಡುಗುತ್ತಿತ್ತು. ಗಂಡ “ನೀನು ಅಪ್ಪನ ಹತ್ರ ಕೂತ್ಕೋ” ಎಂದರು.

ಕೆಳಗೆ ಒಂಟಿ ಮರವೊಂದಿತ್ತು. ಇಲ್ಲಿಯವರು ಅದನ್ನು ಗಾಫ್ ಎನ್ನುತ್ತಾರೆ. ಈ ದೇಶದ ರಾಷ್ಟ್ರವೃಕ್ಷ. 2019ನ್ನು ಸಹಿಷ್ಣುತೆಯ ವರ್ಷವೆಂದು ಸಾರಿದಾಗ ಲಾಂಛನವಾಗಿ ಆರಿಸಿಕೊಂಡದ್ದೂ ಇದೇ ಮರವನ್ನು. ಅಪ್ಪ ಅದರಡಿ ಕೂತವರು ತಲೆಯೆತ್ತಿ ನೋಡಿದರು. ಎದ್ದರು. ಒಂದು ಕೊಂಬೆಯನ್ನು ಮುರಿಯದೆ ಬಗ್ಗಿಸಿ, ಸಾಲಾಗಿ ಜೋಡಿಸಿದ ಪುಟ್ಟ ಪುಟ್ಟ ಎಲೆಗಳನ್ನು ಕನ್ನಡಕದ ಹತ್ತಿರ ತಂದುಕೊಂಡರು. ನಡುನಡುವೆ ಮೊಂಡು ಮುಳ್ಳು. “ಮಾರಾಯ್ತಿ, ಇದು ಬನ್ನಿ!” ಅವರ ದನಿ ಒಡೆದಿತ್ತು. ನಿಜ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಹೆಸರು ಒಂದೇ, ಪ್ರೊಸೋಪಿಸ್ ಸಿನರೇರಿಯಾ. ಪಾಂಡವರು ಆಯುಧ ಬಚ್ಚಿಟ್ಟ ಶಮೀವೃಕ್ಷ. ಹನ್ನೊಂದು ವರ್ಷ ಇದರ ನೆರಳಲ್ಲಿ ಚಿತ್ರಾನ್ನ ತಿಂದು ಹೋಗಿದ್ದ ನನಗೆ ಅದು ಗೊತ್ತಿರಲಿಲ್ಲ. ವಿಜಯದಶಮಿಯ ದಿನ ಅಪ್ಪ ಅದಕ್ಕೆ ಮೂರು ಸುತ್ತು ಬಂದು ಕೈಮುಗಿದರು. ಇಲ್ಲಿ ಈ ಮರಕ್ಕೆ ಕಾನೂನಿನ ರಕ್ಷಣೆಯಿದೆ, ಕೀಳಬಾರದು ಎಂದೆ. ಉದುರಿದ ನಾಲ್ಕು ಎಲೆ ಆಯ್ದು ಎಲ್ಲರಿಗೂ ಒಂದೊಂದು ಕೊಟ್ಟರು.

ಆಗಲೇ ಮಗಳು ಕೂಗಿದಳು: “ಅಜ್ಜ, ನೀರು!”

ದಿಬ್ಬಗಳ ನಡುವೆ ಚಪ್ಪಟೆಯಾದ ಹರಳು ನೆಲವೊಂದು ದೂರದವರೆಗೆ ಹಾಸಿಕೊಂಡಿತ್ತು. ಗಂಟೆ ಹತ್ತಾಗಿತ್ತು. ಆ ನೆಲದ ತುದಿಯಲ್ಲಿ ಒಂದು ಕೆರೆ. ತೆಳುವಾಗಿ, ಬೆಳ್ಳಗೆ, ಅಂಚಿನಲ್ಲಿ ಅಲುಗುತ್ತ. ಆಚೆಯ ದಿಬ್ಬದ ನೆರಳು ಅದರಲ್ಲಿ ತಲೆಕೆಳಗಾಗಿ ಬಿದ್ದಂತಿತ್ತು. ಅಪ್ಪ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಅದರ ಕಡೆಗೆ ಇಪ್ಪತ್ತು ಹೆಜ್ಜೆ ನಡೆದರು. ಕೆರೆ ಇಪ್ಪತ್ತು ಹೆಜ್ಜೆ ಹಿಂದೆ ಸರಿಯಿತು. ಅಲ್ಲಿಯೇ ನಿಂತು ಬಹಳ ಹೊತ್ತು ನೋಡಿದರು. ತಿರುಗಿ ಬಂದು ಕೂತ ಮೇಲೆ ಹೇಳಿದ್ದು ಇಷ್ಟು: “ಐವತ್ತು ವರ್ಷ ಪಾಠ ಹೇಳಿದೆ. ಇದು ಇಷ್ಟು ಚಂದ ಇರ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ.”

ಮಗಳಿಗೆ ಬೇರೆಯೇ ಚಿಂತೆ. “ಅಜ್ಜ, ಅದು ಮಿರಾಜ್ ಅಂತ ನಂಗೊತ್ತು, ಸ್ಕೂಲಲ್ಲಿ ಹೇಳಿದ್ದಾರೆ. ಗೊತ್ತಾದ ಮೇಲೂ ಯಾಕೆ ಹೋಗ್ತಾ ಇಲ್ಲ?”

ನಾನು ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಆ ಹುಡುಗಿ ಒಂದೇ ವಾಕ್ಯದಲ್ಲಿ ಕೇಳಿಬಿಟ್ಟಿದ್ದಳು.

ಅಪ್ಪ ಮರಳಿನ ಮೇಲೆ ಬೆರಳಿನಿಂದ ಎರಡು ಗೆರೆ ಎಳೆದರು. ಭ್ರಮೆಯಲ್ಲಿ ಎರಡು ಬಗೆ ಎಂದರು. ಹಗ್ಗವನ್ನು ಹಾವೆಂದು ಕಂಡೆ. ದೀಪ ತಂದು ನೋಡಿದೆ. ಹಗ್ಗವೆಂದು ತಿಳಿದ ಕ್ಷಣ ಹಾವು ಇಲ್ಲ. ಮತ್ತೆ ಬೇಕೆಂದರೂ ಕಾಣುವುದಿಲ್ಲ. ತಿಳಿಯದೆ ಇದ್ದದ್ದೊಂದೇ ಅದಕ್ಕೆ ಕಾರಣ, ತಿಳಿದಾಗ ಹೋಯಿತು. ಇದು ನಿರುಪಾಧಿಕ ಭ್ರಮೆ. ಇನ್ನೊಂದು, ಸ್ಫಟಿಕದ ಪಕ್ಕ ದಾಸವಾಳ ಇಟ್ಟಾಗಿನದು. ಸ್ಫಟಿಕ ಕೆಂಪಗೆ ಕಾಣುತ್ತದೆ. ಅದು ಬೆಳ್ಳಗಿದೆ ಎಂದು ಎಷ್ಟೇ ಗಟ್ಟಿಯಾಗಿ ತಿಳಿದಿದ್ದರೂ ದಾಸವಾಳ ಅಲ್ಲಿರುವ ತನಕ ಕೆಂಪು ಕಾಣುವುದೇ. ಅಲ್ಲಿ ದಾಸವಾಳ ಎಂಬ ಉಪಾಧಿಯಿದೆ. ಇದು ಸೋಪಾಧಿಕ. ಬಿಸಿಲ್ಗುದುರೆ ಈ ಎರಡನೆಯ ಜಾತಿ. ತಿಳಿವಳಿಕೆ ಅಲ್ಲಿ ತೋರಿಕೆಯನ್ನು ಒರೆಸಿಹಾಕುವುದಿಲ್ಲ. ‘ಇದು ನೀರು’ ಎಂಬ ನಂಬಿಕೆಯನ್ನಷ್ಟೇ ಕೀಳುತ್ತದೆ. ಕಂಡರೂ ಕೊಡ ಹಿಡಿದು ಯಾರೂ ಹೋಗುವುದಿಲ್ಲ. ಇದಕ್ಕೆ ಶಾಸ್ತ್ರದಲ್ಲಿ ಬಾಧಿತಾನುವೃತ್ತಿ ಎಂದು ಹೆಸರಿದೆ: ಸುಳ್ಳೆಂದು ಗೊತ್ತಾದ ಮೇಲೂ ಮುಂದುವರಿದು ತೋರುವುದು. ಜ್ಞಾನಿಗೂ ಶರೀರ ಇರುತ್ತದೆ, ಹಸಿವು ಆಗುತ್ತದೆ, ಲೋಕ ಕಾಣುತ್ತದೆ. ಕುಂಬಾರ ಕೋಲು ತೆಗೆದ ಮೇಲೂ ತಿಗುರಿ ಒಂದಷ್ಟು ಹೊತ್ತು ತಿರುಗುವ ಹಾಗೆ ಎಂದು ಶಂಕರರು ಬ್ರಹ್ಮಸೂತ್ರದ ಭಾಷ್ಯದಲ್ಲಿ ಹೇಳಿದ್ದನ್ನು ಅಪ್ಪ ನೆನಪಿಸಿದರು.

ಚಕ್ರದ ಕೆಲಸದಿಂದ ಕೈ ಒರೆಸಿಕೊಂಡು ಬಂದ ನನ್ನ ಗಂಡ ಇಷ್ಟಕ್ಕೇ ಬಿಡಲಿಲ್ಲ. ಅವರದು ಉಡುಪಿಯ ಮಾಧ್ವ ಮನೆತನ. ಮೊಬೈಲು ತೆಗೆದು ಆ ಕೆರೆಯ ಚಿತ್ರ ಹಿಡಿದು ಅಪ್ಪನ ಕೈಗಿಟ್ಟರು. ಚಿತ್ರದಲ್ಲೂ ನೀರಿತ್ತು. “ಮಾವ, ಕ್ಯಾಮೆರಾಕ್ಕೆ ಅವಿದ್ಯೆ ಇಲ್ಲ. ಅಂದ್ರೆ ಅಲ್ಲಿ ಏನೋ ಒಂದು ನಿಜವಾಗಿಯೂ ಇದೆ.” ಇದೆ. ಕಾದ ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ತೆಳ್ಳಗಾಗುತ್ತದೆ, ಮೇಲಿನದು ಅದಕ್ಕಿಂತ ತಂಪು, ಸಾಂದ್ರ. ಆಕಾಶದಿಂದ ಓರೆಯಾಗಿ ಇಳಿದ ಬೆಳಕು ನೆಲ ಮುಟ್ಟುವ ಮೊದಲೇ ಬಾಗಿ ನಮ್ಮ ಕಣ್ಣಿಗೆ ಬರುತ್ತದೆ. ನಾವು ನೀರೆಂದುಕೊಂಡದ್ದು ನೆಲದ ಮೇಲೆ ಕಂಡ ಆಕಾಶ. ಮಧ್ವಮತದ ಮಾತೂ ಈ ದಾರಿಯದೇ: ಭ್ರಮೆಗೆ ಆಧಾರವಾಗಿ ಕಣ್ಣೆದುರು ಇರುವ ವಸ್ತು ಸತ್ಯ, ಅದರ ಮೇಲೆ ನಾವು ಹೊರಿಸಿದ ನೀರು ಮಾತ್ರ ಅಲ್ಲಿ ಇಲ್ಲವೇ ಇಲ್ಲ. ಒಂದು ತಪ್ಪು ತಿಳಿವಳಿಕೆಯನ್ನು ತೋರಿಸಿ ಜಗತ್ತನ್ನೇ ಮಿಥ್ಯೆ ಎನ್ನಬಾರದು. ಅಪ್ಪ ಒಪ್ಪಲಿಲ್ಲ. ಅಳಿಯನೂ ಬಿಡಲಿಲ್ಲ. ಎಂಟು ಶತಮಾನದ ವಾದ ಒಂದು ಬನ್ನಿಮರದಡಿ ಮುಗಿಯುವುದೂ ಅಲ್ಲ. ಆದರೆ ಇಬ್ಬರ ಮಾತನ್ನೂ ಕೇಳಿದ ನನಗೆ ಒಂದು ಹೊಳೆಯಿತು. ಆ ಕೆರೆ ಕಾಣುವುದು ನನ್ನ ಮನಸ್ಸಿನ ದೋಷದಿಂದಲ್ಲ. ನೆಲ ಕಾದಿದೆ, ಅದಕ್ಕೆ ಕಾಣುತ್ತಿದೆ. ನೆಲ ಆರುವ ತನಕ ಕಾಣುತ್ತಲೇ ಇರುತ್ತದೆ.

ನಮ್ಮ ಹಿರಿಯರು ಇದಕ್ಕೆ ಕೊಟ್ಟ ಹೆಸರುಗಳನ್ನು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿದ್ದೇನೆ. ಮರೀಚಿ ಎಂದರೆ ಕಿರಣ. ಮರೀಚಿಕೆ ಎನ್ನುವಾಗ ಹೆಸರು ಬೆಳಕಿನದು, ಕಾರಣದ್ದು. ಮೃಗತೃಷ್ಣೆ ಎನ್ನುವಾಗ ಹೆಸರು ಜಿಂಕೆಯ ಬಾಯಾರಿಕೆಯದು, ಓಡುವವನದು. ನಮ್ಮ ಕನ್ನಡದ ಬಿಸಿಲ್ಗುದುರೆಯಲ್ಲಿ ನೀರೂ ಇಲ್ಲ, ಬಾಯಾರಿಕೆಯೂ ಇಲ್ಲ. ಬಿಸಿಲು ಕುದುರೆಯಂತೆ ಕುಣಿಯುತ್ತಿದೆ, ಅಷ್ಟೇ. ಮೋಸಹೋಗದೆ ದೂರ ನಿಂತು, ಕಂಡದ್ದನ್ನು ಕಂಡ ಹಾಗೆ ಹೇಳಿದವರು ಯಾರೋ ಆ ಹೆಸರಿಟ್ಟಿರಬೇಕು. ಅಂದು ಅಪ್ಪ ಇಪ್ಪತ್ತು ಹೆಜ್ಜೆ ನಡೆದು ನಿಂತು ನೋಡಿದ್ದೂ ಹಾಗೆಯೇ. ಇಲ್ಲಿಯ ಭಾಷೆಯಲ್ಲಿ ಅದು ಸರಾಬ್. ಕುರಾನಿನ 24ನೆಯ ಅಧ್ಯಾಯವಾದ ಅನ್-ನೂರ್‌ನಲ್ಲಿ ಅದರ ಮಾತಿದೆಯೆಂದು ಆಫೀಸಿನ ಸಹೋದ್ಯೋಗಿಯೊಬ್ಬರು ಒಮ್ಮೆ ಹೇಳಿದ್ದರು: ನಂಬದವರ ಕೆಲಸಗಳು ಬಯಲ ಸರಾಬಿನ ಹಾಗೆ, ಬಾಯಾರಿದವನು ನೀರೆಂದು ಹತ್ತಿರ ಹೋದರೆ ಅಲ್ಲಿ ಏನೂ ಇರುವುದಿಲ್ಲ, ದೇವರು ಮಾತ್ರ ಇರುತ್ತಾನೆ. ಆ ಕೊನೆಯ ಮಾತು ನನ್ನಲ್ಲಿ ಉಳಿದುಬಿಟ್ಟಿದೆ.

ಮರದಡಿ ನನ್ನ ಇಪ್ಪತ್ತೈದನೆಯ ತಾರೀಖಿನ ಸಂಕಟವನ್ನು ಅಪ್ಪನಿಗೆ ಹೇಳಿದೆ. ಅವರು ನಡುವೆ ಮಾತಾಡದೆ ಕೇಳಿದರು. “ನೀನು ಅದನ್ನ ಹಗ್ಗದ ಹಾವು ಅಂದ್ಕೊಂಡಿದ್ದೀ. ತಿಳಿದ ತಕ್ಷಣ ಹೋಗ್ಬೇಕು ಅಂತ ಕಾಯ್ತಾ ಇದ್ದೀ. ಅದು ಹೋಗದಿದ್ದಾಗ ನಂಗೆ ತಿಳಿದೇ ಇಲ್ಲ ಅಂತ ನಿನ್ನನ್ನೇ ಹಳಿತಾ ಇದ್ದೀ. ಅದು ಈ ಜಾತಿಯದು, ನೋಡು” ಎಂದು ಕೆರೆಯ ಕಡೆ ಕೈ ತೋರಿಸಿದರು. “ನೆಲ ಒಂದ್ಸಲ ಕಾದಿದೆ. ಕಾಣ್ತದೆ. ಕಾಣ್ಲಿ. ನೀನು ಕೊಡ ತಗೊಂಡು ಹೋಗ್ಬೇಡ.”

ಆ ಮಾತು ಕಿವಿಗೆ ಹಿತವಾಗಿತ್ತು. ಆದರೆ ಕಿವಿಗೆ ಹಿತವಾದದ್ದು ಸಾಕಾಗುವುದಿಲ್ಲವೆಂದು ಆ ಬೆಳಗ್ಗೆಯಷ್ಟೇ ನನಗೆ ಗೊತ್ತಾಗಿತ್ತು. ಕೆಳಕ್ಕೆ ತಿರುಗಿಸಬೇಕೆಂಬ ಮಾತನ್ನು ಆರು ವರ್ಷದಿಂದ ಬಲ್ಲವಳು ಮೇಲಕ್ಕೆ ತಿರುಗಿಸಿದ್ದೆ. ಶ್ರವಣ, ಮನನ, ನಿದಿಧ್ಯಾಸನ ಎಂದು ಮೂರು ಮೆಟ್ಟಿಲು ಹೇಳುತ್ತಾರೆ. ಕೇಳುವುದು, ಯೋಚಿಸಿ ಸಂಶಯ ಕಳೆದುಕೊಳ್ಳುವುದು, ಅದರಲ್ಲೇ ನೆಲೆನಿಲ್ಲುವುದು. ನನ್ನದು ಎರಡನೆಯ ಮೆಟ್ಟಿಲಿಗೆ ನಿಂತಿತ್ತು. ತಿಳಿವಳಿಕೆ ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ.

ಟೈರು ಎರಡು ಸಲ ಠಪ್ ಠಪ್ ಎಂದು ರಿಮ್ಮಿಗೆ ಕೂತಿತು. ಸ್ಟಿಯರಿಂಗ್ ಗಂಡನಿಗೆ ಕೊಡೋಣವೆಂದುಕೊಂಡೆ. ಕುಂದಾಪುರದವರು “ನೀವೇ ಹೊಡೀನಿ, ಅದೇ ಪಕ್ಕೆಯಾಗೇ ಹೋಪ” ಎಂದರು. ಅಪ್ಪನನ್ನೂ ಮಗಳನ್ನೂ ಬೇರೆ ಗಾಡಿಗೆ ಕಳಿಸಿ, ಸ್ವಲ್ಪ ಕೆಳಗಿನಿಂದ ಅದೇ ಪಕ್ಕೆಯನ್ನು ಹಿಡಿದೆ. ಗಾಡಿ ಎಡಕ್ಕೆ ವಾಲಿತು. ಕಿಟಕಿಯಲ್ಲಿ ಅದೇ ಕೆಂಪು. ಹಿಂಚಕ್ರ ಸರಿಯಿತು. ಹೊಟ್ಟೆಯಲ್ಲಿ ಅದೇ ಭಯ. ಒಂದು ಗುಂಜಿಯೂ ಕಡಿಮೆಯಿರಲಿಲ್ಲ. ‘ಬೀಳುತ್ತೀ’ ಎಂದು ದೇಹ ಅಷ್ಟೇ ಗಟ್ಟಿಯಾಗಿ ಕೂಗಿತು. ನನ್ನ ಎರಡು ಕೈ ಸ್ಟಿಯರಿಂಗನ್ನು ಕೆಳಕ್ಕೆ, ಆ ಬೀಳುವ ಕಡೆಗೇ ತಿರುಗಿಸಿದವು. ಮೂತಿ ಇಳಿಜಾರಿಗೆ ನೇರವಾಯಿತು, ನಾಲ್ಕೂ ಚಕ್ರ ಮರಳನ್ನು ಸಮನಾಗಿ ಹಿಡಿದವು, ಗಾಡಿ ಮೆಲ್ಲಗೆ ಕೆಳಗಿನ ಹರಳು ನೆಲಕ್ಕೆ ಇಳಿದು ನಿಂತಿತು. ಸ್ವಲ್ಪ ಹೊತ್ತಿನ ಮುಂಚೆ ಕೆರೆ ಇದ್ದ ಜಾಗ ಅದು. ಚಕ್ರದಡಿ ಒಣಗಿದ ಹರಳು ಕರಕರ ಎಂದಿತು.

ಭಯ ಹೋದ ಮೇಲೆ ಸರಿಯಾಗಿ ನಡೆಯುತ್ತೇವೆ ಎಂದು ನಾನು ಜೀವಮಾನವಿಡೀ ನಂಬಿದ್ದೆ. ಆ ದಿನ ಭಯ ಇದ್ದ ಹಾಗೆಯೇ ಸರಿಯಾಗಿ ನಡೆದೆ. ತೋರಿಕೆ ಮುಂದುವರಿಯುವುದೇ ಆದರೆ ಜ್ಞಾನಿಗೂ ಅಜ್ಞಾನಿಗೂ ಏನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಬಹಳ ಸಣ್ಣದು: ಒಬ್ಬನ ಕೈ ಮೇಲಕ್ಕೆ ತಿರುಗುತ್ತದೆ, ಇನ್ನೊಬ್ಬನದು ಕೆಳಕ್ಕೆ. ಆದರೆ ಬದುಕು ಉರುಳುವುದೂ ನಿಲ್ಲುವುದೂ ಆ ಸಣ್ಣದರಲ್ಲೇ. ಸಂಜೆ ಇದನ್ನು ಹೇಳಿದಾಗ ಅಪ್ಪ ಎಚ್ಚರಿಸಿದರು: ದೃಷ್ಟಾಂತವನ್ನು ಎಲ್ಲ ಕಡೆಗೂ ಎಳೆಯಬೇಡ, ಗಾಡಿ ಇಳಿಸಿದ್ದು ಬ್ರಹ್ಮಜ್ಞಾನ ಅಲ್ಲ. ಒಪ್ಪುತ್ತೇನೆ. ಶಾಸ್ತ್ರ ಹೇಳುವ ತಿಳಿವು ಎಷ್ಟೋ ದೊಡ್ಡದು. ಆದರೆ ಆ ದೊಡ್ಡದರ ರೀತಿ ಹೇಗಿರಬಹುದೆಂದು ಈ ಚಿಕ್ಕದು ನನಗೆ ಮೊದಲ ಸಲ ತೋರಿಸಿತು.

ದಿಬ್ಬ ಮುಗಿದು ರಸ್ತೆಯ ಕಡೆ ಬರುವಾಗ ಒಂದು ಒಂಟೆದೊಡ್ಡಿ. ಅದನ್ನು ನೋಡಿಕೊಳ್ಳುವ ಹುಡುಗ ತಲೆಗೆ ಬಟ್ಟೆ ಸುತ್ತಿಕೊಂಡು ಬೇಲಿಯ ಬಳಿ ನಿಂತಿದ್ದ. ನಾವು ಚಕ್ರಕ್ಕೆ ಗಾಳಿ ತುಂಬಿಸುತ್ತಿದ್ದಾಗ ಹತ್ತಿರ ಬಂದು “ಠಂಡಾ ಪಾನಿ?” ಎಂದ. ಅವನ ಟ್ಯಾಂಕಿನಲ್ಲಿ ನೀರಿತ್ತು, ಕಾದು ಹೋಗಿತ್ತು. ಅಪ್ಪ ಐಸ್‌ಪೆಟ್ಟಿಗೆ ತೆರೆದು ಉಳಿದಿದ್ದ ಆರು ಬಾಟಲಿಯನ್ನೂ, ಎರಡು ಡಬ್ಬಿ ಚಿತ್ರಾನ್ನವನ್ನೂ ಅವನಿಗೆ ಕೊಟ್ಟರು. ಅವನು ಒಂದು ಬಾಟಲಿಯನ್ನು ನಿಂತಲ್ಲೇ, ಉಸಿರು ಬಿಡದೆ ಕುಡಿದ. ಗಂಟಲ ಎಲುಬು ಏರಿ ಇಳಿಯುವುದನ್ನು ನಾವು ನೋಡಿದೆವು. ಈ ದೇಶದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ. ಬಿಸಿಲು ಅಷ್ಟು ನಿಜ. ಕಾರು ಹತ್ತಿದ ಮೇಲೆ ಅಪ್ಪ ಮೊಮ್ಮಗಳಿಗೆ ಹೇಳಿದರು: “ನೀರು ಸುಳ್ಳಿರಬಹುದು, ಬಾಯಾರಿಕೆ ಸುಳ್ಳಲ್ಲ. ಇನ್ನೊಬ್ಬನ ಬಾಯಾರಿಕೆಯನ್ನು ಮಿಥ್ಯೆ ಅನ್ನುವ ಹಕ್ಕು ನೀರು ಇಟ್ಟುಕೊಂಡವನಿಗೆ ಇಲ್ಲ.”

ಅಪ್ಪನಿಂದ ನಾನು ಕೇಳಿದ ಪಾಠಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ‘ಎಲ್ಲ ಮಾಯೆ’ ಎಂಬ ಮಾತನ್ನು ಕಂಡವರ ಸಂಕಟದ ಮೇಲೆ ಹೊದಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೆಲಸ ಹೋದಾಗ ನನಗೂ ಒಬ್ಬರು ಹಾಗೆ ಹೇಳಿದ್ದರು. ಬಿಸಿಲ್ಗುದುರೆಯ ದೃಷ್ಟಾಂತ ಇರುವುದು ನಾನು ಓಡುವುದನ್ನು ನಿಲ್ಲಿಸುವುದಕ್ಕೆ. ಬಾಯಾರಿ ಬಂದವನಿಗೆ ಅದನ್ನು ಹೇಳುವಂತಿಲ್ಲ, ಅವನಿಗೆ ಬಾಟಲಿ ಕೊಡಬೇಕು.

ಹಿಂತಿರುಗುವಾಗ ಡಾಂಬರಿನ ಮೇಲೆ ಉದ್ದಕ್ಕೂ ನೀರು ನಿಂತಿತ್ತು. ಮುಂದಿನ ಗಾಡಿಯ ನೆರಳು ಅದರಲ್ಲಿ ಬಿದ್ದು ನಡುಗುತ್ತಿತ್ತು. ನಾವು ಹತ್ತಿರವಾದಂತೆ ಸರಿದು ಇನ್ನೂ ಮುಂದೆ ನಿಲ್ಲುತ್ತಿತ್ತು. ಮನೆ ತಲುಪುವ ತನಕ ಯಾರೂ ಅದನ್ನು ನೀರೆನ್ನಲಿಲ್ಲ, ಯಾರೂ ಅದರಿಂದ ಕಣ್ಣು ತೆಗೆಯಲೂ ಇಲ್ಲ. ಅಪ್ಪನ ಜೇಬಿನಲ್ಲಿ ಬನ್ನಿಯ ಎಲೆಯಿತ್ತು.

ಅವರು ಊರಿಗೆ ಹೋದ ಮೇಲೆ ಅಕ್ಟೋಬರ್ 25 ಬಂತು. ಸಂಜೆ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಮೊಬೈಲು ಕಟ್ಟೆಯ ಮೇಲಿತ್ತು. ಹೊಟ್ಟೆಯಲ್ಲಿ ಅದೇ ಸಂಕಟ ಎದ್ದಿತು, ಕರೆಯದೆ ಬರುವ ನೆಂಟನ ಹಾಗೆ. ನೋಡಬೇಕೆನಿಸಿತು. ಬಹಳ ನೋಡಬೇಕೆನಿಸಿತು. ಮೂರನೆಯ ನೀರು ಬಗ್ಗಿಸಿದೆ, ಅಕ್ಕಿಯನ್ನು ಕುಕ್ಕರಿಗೆ ಹಾಕಿದೆ, ಅಳತೆಯ ನೀರು ಹೊಯ್ದು ಮುಚ್ಚಳ ತಿರುಗಿಸಿದೆ. ಒದ್ದೆ ಕೈ ಒರೆಸಿಕೊಂಡು ದೇವರ ಮುಂದೆ ದೀಪ ಹಚ್ಚಿದೆ.